ಬೋಧಕನ ಲೋಭ ಮತ್ತು ಬೋಧೆಯ ಸತ್ಯ

೧

ತ್ಯಾಗವನ್ನು ಬೋಧಿಸುವ ಸಂಸ್ಥೆಯೂ ಲೋಕದಲ್ಲಿ ನೆಲೆನಿಲ್ಲಬೇಕಾದರೆ ಅದಕ್ಕೆ ಭೂಮಿ, ಕಟ್ಟಡ, ವರಮಾನಗಳು ಬೇಕು. ಅವು ಬಂದ ಮೇಲೆ ಅವನ್ನು ಕಾಯುವವರು ಬೇಕು. ಕಾಯುವವನಿಗೂ ಒಡೆಯನಿಗೂ ಇರುವ ಅಂತರವು ಕಾಲಕ್ರಮದಲ್ಲಿ ಮಾಸುತ್ತ ಬರುವುದು ಎಲ್ಲ ಮತಗಳ ಇತಿಹಾಸದಲ್ಲಿಯೂ ಕಂಡುಬರುವ ಸಂಗತಿ. ಕ್ರೈಸ್ತ ಮತದಲ್ಲಿ ಈ ವಿರೋಧವು ವಿಶೇಷವಾಗಿ ತೀಕ್ಷ್ಣವಾಗಿರುವುದಕ್ಕೆ ಕಾರಣವುಂಟು. ಅದರ ಮೂಲಗ್ರಂಥವೇ ಹಣದ ವಿಷಯದಲ್ಲಿ ಅತ್ಯಂತ ನಿಷ್ಠುರವಾದುದು. ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಲೋಕಕ್ಕೆ ಕಳುಹಿಸುವಾಗ, ಕ್ರಯವಿಲ್ಲದೆ ಪಡೆದುದನ್ನು ಕ್ರಯವಿಲ್ಲದೆಯೇ ಕೊಡಬೇಕೆಂದು ವಿಧಿಸುತ್ತಾನೆ. ಯೋಹಾನನ ಸುವಾರ್ತೆಯ ಪ್ರಕಾರ ಹನ್ನೆರಡು ಮಂದಿ ಶಿಷ್ಯರಲ್ಲಿ ಹಣದ ಚೀಲವನ್ನು ಹೊತ್ತಿದ್ದವನು ಯೂದ. ಆ ಚೀಲದಿಂದ ಕದಿಯುತ್ತಿದ್ದವನೂ ಅವನೇ. ಮತದ ಮೊದಲ ಖಜಾಂಚಿಯೇ ಮೊದಲ ದ್ರೋಹಿಯೂ ಆದನೆಂಬುದನ್ನು ಆ ಗ್ರಂಥವು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದೆ.

'ಅಪೊಸ್ತಲರ ಕೃತ್ಯಗಳು' ಎಂಬ ಭಾಗದಲ್ಲಿ ಸಮಾರ್ಯದ ಸೀಮೋನನೆಂಬ ಮಾಂತ್ರಿಕನ ಪ್ರಸಂಗ ಬರುತ್ತದೆ. ಅಪೊಸ್ತಲರು ತಲೆಯ ಮೇಲೆ ಕೈಯಿಟ್ಟೊಡನೆ ಜನರಿಗೆ ಪವಿತ್ರಾತ್ಮವರ ಲಭಿಸುವುದನ್ನು ಕಂಡು, ಆ ಶಕ್ತಿಯನ್ನು ತನಗೂ ಕೊಡಬೇಕೆಂದು ಅವನು ಪೇತ್ರನ ಮುಂದೆ ಹಣವನ್ನಿಡುತ್ತಾನೆ. ಪೇತ್ರನು ಕಠೋರವಾಗಿ ಅವನನ್ನು ತಿರಸ್ಕರಿಸುತ್ತಾನೆ. ಧರ್ಮಪದವಿಯನ್ನೂ ಸಂಸ್ಕಾರಗಳನ್ನೂ ಹಣಕ್ಕೆ ಕೊಳ್ಳುವ, ಮಾರುವ ಪಾಪಕ್ಕೆ 'ಸೈಮನಿ' ಎಂಬ ಹೆಸರು ಬಂದುದು ಇವನಿಂದಲೇ.

ಬೋಧಕನು ಲೋಭಿಯಾದರೆ ಅವನ ಬೋಧೆಯ ಗತಿಯೇನು? ಆಫ್ರಿಕದ ಉತ್ತರ ತೀರದ ದೊನಾತ ಪಂಥದವರು, ಪತಿತನಾದ ಪಾದ್ರಿ ಕೊಟ್ಟ ಸಂಸ್ಕಾರವು ಸಂಸ್ಕಾರವೇ ಅಲ್ಲವೆಂದು ವಾದಿಸಿದರು. ಸಂತ ಅಗಸ್ಟೀನನು ಅದನ್ನು ಖಂಡಿಸಿ, ಸಂಸ್ಕಾರವು ಕ್ರಿಸ್ತನದು, ಪಾದ್ರಿಯದಲ್ಲ. ಕಲ್ಲಿನ ಕಾಲುವೆಯಲ್ಲಿ ಹರಿದ ನೀರಿನಿಂದ ಕಲ್ಲು ಚಿಗುರದಿದ್ದರೂ ತೋಟವು ಚಿಗುರುತ್ತದೆ ಎಂಬ ಭಾವದ ದೃಷ್ಟಾಂತವನ್ನು ಕೊಟ್ಟನು. ೪೧೧ರಲ್ಲಿ ಕಾರ್ಥೇಜಿನಲ್ಲಿ ನಡೆದ ವಾದಸಭೆಯಲ್ಲಿ ದೊನಾತ ಪಂಥಕ್ಕೆ ಸೋಲಾಯಿತು. ಶಾಸ್ತ್ರದೃಷ್ಟಿಯಿಂದ ಇದು ವಿವೇಕದ ನಿರ್ಣಯ; ಇಲ್ಲವಾದರೆ ಭಕ್ತನು ಪ್ರತಿಯೊಬ್ಬ ಪಾದ್ರಿಯ ಅಂತರಂಗವನ್ನೂ ಶೋಧಿಸಿದ ಮೇಲೆಯೇ ಪ್ರಾರ್ಥನೆಗೆ ಕೂರಬೇಕಾಗುತ್ತಿತ್ತು. ಆದರೆ ಶಾಸ್ತ್ರವು ತೋಟವನ್ನು ಕುರಿತು ಯೋಚಿಸಿತು. ಕಾಲುವೆಯೇ ನೀರಿಗೆ ಬೆಲೆ ಕಟ್ಟಿ ಮಾರತೊಡಗಿದರೆ ಏನಾಗುವುದೆಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಕೈಗೆತ್ತಿಕೊಂಡವರು ಕವಿಗಳು. ಇಟಲಿಯ ದಾಂತೆ, ಇಂಗ್ಲೆಂಡಿನ ಚಾಸರ್ ಮತ್ತು ಟ್ರೊಲೋಪ್ ಈ ಮೂವರ ಕೃತಿಗಳನ್ನು ಒಟ್ಟಿಗಿಟ್ಟು ನೋಡಿದರೆ, ಧರ್ಮಾಧಿಕಾರಿಗಳ ಲೋಭವನ್ನು ಕುರಿತ ಅತ್ಯಂತ ಗಂಭೀರವಾದ ವಿಮರ್ಶೆಯು ಆ ಧರ್ಮದ ವೈರಿಗಳಿಂದಲ್ಲ, ಅದರ ಒಳಗಿನವರಿಂದಲೇ ಬಂದಿತೆಂಬುದೂ, ಅದರ ಬಲವೆಲ್ಲ ಆ ಒಳಗಿನ ನಿಲುವಿನಿಂದಲೇ ಹುಟ್ಟಿತೆಂಬುದೂ ಸ್ಪಷ್ಟವಾಗುತ್ತದೆ.

೨

ದಾಂತೆಯ 'ಡಿವೈನ್ ಕಾಮೆಡಿ'ಯ ಕಥಾಕಾಲ ೧೩೦೦ನೆಯ ಇಸವಿಯ ಈಸ್ಟರ್ ಸಮಯ. ಎಂಟನೆಯ ಬೋನಿಫೇಸ್ ಪೋಪನು ಮೊತ್ತಮೊದಲ ಜೂಬಿಲಿಯನ್ನು ಸಾರಿ, ರೋಮಿಗೆ ಯಾತ್ರಿಕರು ತಂಡತಂಡವಾಗಿ ಬರುತ್ತಿದ್ದ ವರ್ಷವದು. ಕಾವ್ಯವನ್ನು ಬರೆಯುವ ವೇಳೆಗೆ ಕವಿ ದೇಶಭ್ರಷ್ಟನಾಗಿದ್ದನು. ಬೋನಿಫೇಸನ ಬೆಂಬಲದಿಂದ ಫ್ಲಾರೆನ್ಸಿನಲ್ಲಿ ಅಧಿಕಾರಕ್ಕೆ ಬಂದ ಪಕ್ಷವು ೧೩೦೨ರಲ್ಲಿ ಅವನನ್ನು ಗಡೀಪಾರು ಮಾಡಿತು. ಹೊರಿಸಿದ ಆರೋಪವಾದರೋ ಸಾರ್ವಜನಿಕ ಅಧಿಕಾರದಲ್ಲಿ ಲಂಚಗುಳಿತನ. ಹಣಕ್ಕಾಗಿ ಪದವಿಯನ್ನು ಮಾರಿದನೆಂಬ ಅಪವಾದವನ್ನು ಹೊತ್ತ ಕವಿಯು, ಹಣಕ್ಕಾಗಿ ಪದವಿಯನ್ನು ಮಾರಿದ ಪೋಪರನ್ನು ಚಿತ್ರಿಸಿದನೆಂಬುದು ಮರೆಯಬಾರದ ಸಂಗತಿ. ವೈಯಕ್ತಿಕ ರೋಷ ಅಲ್ಲಿ ಇದ್ದೇ ಇದೆ. ಆದರೆ ಕಾವ್ಯವು ರೋಷದಲ್ಲಿಯೇ ನಿಂತುಹೋಗಲಿಲ್ಲ.

ಲೋಭ ಬೇರೆ, ಸೈಮನಿ ಬೇರೆ ಎಂಬ ಸೂಕ್ಷ್ಮವನ್ನು ದಾಂತೆ ಗುರುತಿಸಿದ್ದಾನೆ. ನರಕಕಾಂಡದ ಏಳನೆಯ ಸರ್ಗದಲ್ಲಿ ಲೋಭಿಗಳು ದುಂದುಗಾರರಿಗೆ ಎದುರಾಗಿ ಭಾರವಾದ ಬಂಡೆಗಳನ್ನು ಎದೆಯಿಂದ ನೂಕುತ್ತಿದ್ದಾರೆ. ಅವರಲ್ಲಿ ನಡುನೆತ್ತಿ ಬೋಳಿಸಿದ ತಲೆಗಳೇ ಬಹಳ. ಪೋಪರೂ ಕಾರ್ಡಿನಲ್‌ಗಳೂ ಅಲ್ಲಿದ್ದಾರೆಂದು ಮಾರ್ಗದರ್ಶಕನಾದ ವರ್ಜಿಲನು ಹೇಳುತ್ತಾನೆ. ಆದರೆ ಯಾರೊಬ್ಬರ ಮುಖವೂ ಗುರುತು ಹತ್ತುವುದಿಲ್ಲ. ವಿವೇಕಶೂನ್ಯವಾದ ಬಾಳು ಅವರ ಮುಖಲಕ್ಷಣಗಳನ್ನೇ ಒರಸಿಹಾಕಿದೆ. ಬರಿಯ ಲೋಭವು ವ್ಯಕ್ತಿತ್ವವನ್ನು ಅಳಿಸುವ ದೋಷ. ಅದಕ್ಕೆ ಹೆಸರಿಲ್ಲ, ಚರಿತ್ರೆಯಿಲ್ಲ. ಹತ್ತೊಂಬತ್ತನೆಯ ಸರ್ಗದಲ್ಲಿ ಬರುವ ಸೈಮನಿಗಾದರೋ ಹೆಸರುಗಳಿವೆ, ವಂಶವಿದೆ, ಇಸವಿಯಿದೆ. ತನ್ನದಲ್ಲದುದನ್ನು ಮಾರಿದವನು ಉತ್ತರ ಕೊಡಬೇಕಾದವನು. ಆದಕಾರಣ ಕವಿ ಅವನನ್ನು ಹೆಸರು ಹಿಡಿದು ಮಾತನಾಡಿಸುತ್ತಾನೆ.

ಅಲ್ಲಿನ ಬಂಡೆಯ ತುಂಬ ದುಂಡನೆಯ ಕುಳಿಗಳು. ಫ್ಲಾರೆನ್ಸಿನ ಸಂತ ಯೋಹಾನನ ಮಂದಿರದಲ್ಲಿದ್ದ ದೀಕ್ಷಾಸ್ನಾನದ ತೊಟ್ಟಿಗಳ ಅಳತೆ ಅವಕ್ಕಿದೆಯೆಂದು ಕವಿ ಹೇಳುತ್ತಾನೆ. ಒಂದೊಂದು ಕುಳಿಯಲ್ಲಿಯೂ ಒಬ್ಬ ಪಾಪಿ ತಲೆಕೆಳಗಾಗಿ ನಾಟಿಕೊಂಡಿದ್ದಾನೆ. ಹೊರಗೆ ಕಾಣುವುದು ಕಾಲುಗಳು ಮಾತ್ರ, ಅವುಗಳ ಅಂಗಾಲಿನ ಮೇಲೆ ಎಣ್ಣೆಯ ಪಸೆಗೆ ಹತ್ತಿದಂತಹ ಉರಿ ಹರಿದಾಡುತ್ತಿದೆ. ಪವಿತ್ರಾತ್ಮವು ಅಪೊಸ್ತಲರ ತಲೆಯ ಮೇಲೆ ಬೆಂಕಿಯ ನಾಲಗೆಗಳಾಗಿ ಇಳಿಯಿತೆಂಬುದು ಬೈಬಲಿನ ಕಥೆ; ಇಲ್ಲಿ ಅದೇ ಬೆಂಕಿ ಪಾದಕ್ಕೆ ಇಳಿದಿದೆ. ದೀಕ್ಷೆಯ ತೊಟ್ಟಿ ಶಿಕ್ಷೆಯ ಕುಳಿಯಾಗಿದೆ, ಅಭಿಷೇಕದ ತೈಲ ಉರಿಗೆ ಇಂಧನವಾಗಿದೆ. ಧರ್ಮದ ಸಂಕೇತಗಳನ್ನೇ ಬುಡಮೇಲು ಮಾಡಿ ದಂಡನೆಯನ್ನು ರೂಪಿಸಿರುವ ಈ ಕಲ್ಪನೆಯ ಅರ್ಥ, ಆ ಸಂಕೇತಗಳು ಪವಿತ್ರವೆಂದು ನಂಬಿದವನಿಗೆ ಮಾತ್ರ ಪೂರ್ಣವಾಗಿ ಹೊಳೆಯುವಂತಹುದು.

ಕುಳಿಯೊಳಗಿರುವವನು ೧೨೭೭ರಿಂದ ೧೨೮೦ರವರೆಗೆ ಪೋಪನಾಗಿದ್ದ ಮೂರನೆಯ ನಿಕೊಲಾಸ್. ಅವನು ಓರ್ಸಿನಿ ವಂಶದವನು. ಆ ಹೆಸರಿಗೆ ಕರಡಿಯ ಸಂಬಂಧವಿರುವುದರಿಂದ, ಕರಡಿಮರಿಗಳ ಏಳಿಗೆಗಾಗಿ ಐಶ್ವರ್ಯವನ್ನು ಚೀಲಕ್ಕೆ ತುಂಬಿದವನು ಈಗ ತಾನೇ ಚೀಲಕ್ಕೆ ಬಿದ್ದಿರುವನೆಂಬ ಕಹಿಯಾದ ವಿನೋದವನ್ನು ಕವಿ ಅವನ ಬಾಯಲ್ಲಿಯೇ ಆಡಿಸುತ್ತಾನೆ. ಮೇಲೆ ಯಾರೋ ಬಂದ ಸದ್ದಾದೊಡನೆ ನಿಕೊಲಾಸನು, ತನ್ನ ಮೇಲೆ ಬಂದು ಬೀಳಬೇಕಾದ ಬೋನಿಫೇಸನೇ ಬಂದನೆಂದು ಭ್ರಮಿಸುತ್ತಾನೆ. ಬೋನಿಫೇಸನು ತೀರಿಕೊಂಡದ್ದು ೧೩೦೩ರಲ್ಲಿ. ಕಥಾಕಾಲದಲ್ಲಿ ಅವನಿನ್ನೂ ಸಿಂಹಾಸನದ ಮೇಲಿದ್ದಾನೆ. ಬದುಕಿರುವ ಪೋಪನಿಗೆ ನರಕದಲ್ಲಿ ಸ್ಥಳ ಕಾಯ್ದಿರಿಸಿರುವ ಸುದ್ದಿಯನ್ನು, ಸತ್ತ ಪೋಪನ ತಪ್ಪುತಿಳಿವಳಿಕೆಯ ಮೂಲಕ ಹೇಳಿಸಿರುವ ಈ ಉಪಾಯ ಅಸಾಧಾರಣವಾದುದು. ಬೋನಿಫೇಸನ ಹಿಂದೆ ಐದನೆಯ ಕ್ಲೆಮೆಂಟನೂ ಬರಲಿದ್ದಾನೆಂದು ನಿಕೊಲಾಸನು ಹೇಳುತ್ತಾನೆ. ಹೊಸಬನು ಬಂದಂತೆಲ್ಲ ಹಳಬನು ಕುಳಿಯ ಆಳಕ್ಕೆ ಇಳಿಯಬೇಕು: ಪೇತ್ರನಿಂದ ಅವಿಚ್ಛಿನ್ನವಾಗಿ ಬಂದ ಗುರುಪರಂಪರೆಗೆ ಸರಿಸಾಟಿಯಾಗಿ ಸೀಮೋನನಿಂದ ಬಂದ ಇನ್ನೊಂದು ಪರಂಪರೆ.

ಮರಣದಂಡನೆಗೆ ಗುರಿಯಾದ ಕೊಲೆಗಡುಕನ ಕೊನೆಯ ಪಾಪನಿವೇದನೆಯನ್ನು ಕೇಳುವ ಸಂನ್ಯಾಸಿಯಂತೆ ದಾಂತೆ ಆ ಕುಳಿಯ ಬಾಯಿಗೆ ಬಾಗಿ ನಿಂತಿದ್ದಾನೆ. ಪೋಪನು ಪಾಪಿಯಾಗಿ, ಗೃಹಸ್ಥ ಕವಿಯು ಪಾದ್ರಿಯಾಗಿ ಸ್ಥಾನಗಳು ಅದಲುಬದಲಾಗಿವೆ. ಆದರೂ ಕವಿ ತನ್ನ ಮಾತಿಗೆ ತಾನೇ ಮಿತಿಯನ್ನು ಹಾಕಿಕೊಳ್ಳುತ್ತಾನೆ: ಪರಮಪದದ ಬೀಗದ ಕೈಗಳ ಮೇಲಿನ ಗೌರವವು ತಡೆಯದಿದ್ದರೆ ಇನ್ನೂ ಕಠಿಣವಾಗಿ ಆಡುತ್ತಿದ್ದೆನೆಂದು ಹೇಳುತ್ತಾನೆ. ಇದು ಲೋಕಾರೂಢಿಯ ವಿನಯವಲ್ಲ. ಕಾವ್ಯದ ಮುಂದಿನ ಕಾಂಡದಲ್ಲಿ ಇದಕ್ಕೆ ಪ್ರತಿಬಿಂಬವಿದೆ. ಶುದ್ಧಿಕಾಂಡದ ಹತ್ತೊಂಬತ್ತನೆಯ ಸರ್ಗದಲ್ಲಿಯೇ ಇನ್ನೊಬ್ಬ ಪೋಪನು ಕಾಣಿಸಿಕೊಳ್ಳುತ್ತಾನೆ. ೧೨೭೬ರಲ್ಲಿ ಒಂದು ತಿಂಗಳಿಗಿಂತ ತುಸು ಹೆಚ್ಚು ಕಾಲ ಪದವಿಯಲ್ಲಿದ್ದ ಐದನೆಯ ಏಡ್ರಿಯನ್ ಅವನು. ಲೋಭದ ಪ್ರಾಯಶ್ಚಿತ್ತವಾಗಿ ಕೈಕಾಲು ಕಟ್ಟಿಸಿಕೊಂಡು ನೆಲಕ್ಕೆ ಮುಖವಿಟ್ಟು ಬಿದ್ದಿದ್ದಾನೆ. ಅತ್ಯುನ್ನತ ಪದವಿ ದೊರೆತ ಮೇಲೆಯೂ ಮನಸ್ಸು ಶಾಂತವಾಗದಿದ್ದುದನ್ನು ಕಂಡು ತನಗೆ ಕಣ್ಣು ತೆರೆಯಿತೆಂದು ಹೇಳುತ್ತಾನೆ. ದಾಂತೆ ಅವನ ಮುಂದೆ ಮೊಣಕಾಲೂರುತ್ತಾನೆ. ಏಡ್ರಿಯನನು ಅವನನ್ನು ಏಳಿಸಿ, ಇಲ್ಲಿ ಎಲ್ಲರೂ ಒಬ್ಬನ ಸೇವಕರೇ ಎನ್ನುತ್ತಾನೆ. ಒಂದೇ ಸಂಖ್ಯೆಯ ಎರಡು ಸರ್ಗಗಳಲ್ಲಿ ಒಂದೇ ದೋಷದ ಇಬ್ಬರು ಪೋಪರು. ಪದವಿಯನ್ನು ಮಾರಿದವನ ಎದುರಿನಲ್ಲಿ ಕವಿ ನೆಟ್ಟಗೆ ನಿಂತು ಮಾತನಾಡುತ್ತಾನೆ. ಪದವಿಯ ಹಂಬಲವನ್ನು ಕಳಚಿಕೊಂಡವನ ಎದುರಿನಲ್ಲಿ ಮೊಣಕಾಲೂರುತ್ತಾನೆ. ಪೀಠವನ್ನು ಪೂಜಿಸಿ ಪೀಠಸ್ಥನನ್ನು ಖಂಡಿಸುವುದು ಸಾಧ್ಯವೆಂಬುದನ್ನು ತರ್ಕದಿಂದಲ್ಲದೆ ಈ ಎರಡು ಭಂಗಿಗಳಿಂದಲೇ ದಾಂತೆ ತೋರಿಸಿಕೊಟ್ಟಿದ್ದಾನೆ.

೩

ನರಕಕಾಂಡದ ಆ ಸರ್ಗದ ಕೊನೆಯಲ್ಲಿ ದಾಂತೆಯ ದುಃಖವು ನಿಕೊಲಾಸನನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಕಾನ್ಸ್ಟಂಟೈನ್ ಚಕ್ರವರ್ತಿಯು ಸಿಲ್ವೆಸ್ಟರ್ ಪೋಪನಿಗೆ ರೋಮಿನ ಮತ್ತು ಪಶ್ಚಿಮದೇಶಗಳ ಒಡೆತನವನ್ನು ದತ್ತಿಯಾಗಿ ಕೊಟ್ಟನೆಂಬ ದಾನಪತ್ರವು ಮಧ್ಯಯುಗದಲ್ಲಿ ಪ್ರಮಾಣವಾಗಿದ್ದಿತು. ಅದು ಕೃತ್ರಿಮವೆಂಬುದನ್ನು ಲೊರೆಂಜೊ ವಾಲ್ಲನು ಅದರ ಲ್ಯಾಟಿನ್ ಭಾಷೆಯ ಪರೀಕ್ಷೆಯಿಂದ ೧೪೪೦ರಲ್ಲಿ ಸ್ಥಾಪಿಸಿದನು. ಶಾಸನಗಳನ್ನು ಶೋಧಿಸುವವರಿಗೆ ಇಂದಿಗೂ ಆದರ್ಶವಾದ ಕಾರ್ಯವದು. ದಾಂತೆಗೆ ಈ ಕೃತ್ರಿಮದ ಅರಿವಿಲ್ಲ. ಅವನು ದತ್ತಿಯನ್ನು ನಿಜವೆಂದೇ ನಂಬಿ, ಕೇಡಿನ ತಾಯಿ ಅದೇ ಎನ್ನುತ್ತಾನೆ. 'ಮೊನಾರ್ಕಿಯ' ಎಂಬ ತನ್ನ ಗದ್ಯಗ್ರಂಥದಲ್ಲಿ ಅದನ್ನು ಕೊಡುವ ಅಧಿಕಾರ ಚಕ್ರವರ್ತಿಗೂ, ಪಡೆಯುವ ಯೋಗ್ಯತೆ ಧರ್ಮಪೀಠಕ್ಕೂ ಇರಲಿಲ್ಲವೆಂದು ವಾದಿಸುತ್ತಾನೆ.

ಇಲ್ಲಿ ಕನ್ನಡ ಓದುಗನಿಗೆ ಒಂದು ಹೋಲಿಕೆ ಸಹಜವಾಗಿ ಹೊಳೆಯುತ್ತದೆ. ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ, ದತ್ತಿಯ ಭೂಮಿಯನ್ನು ಅಪಹರಿಸಿದವನಿಗೆ ಅರವತ್ತು ಸಾವಿರ ವರ್ಷಗಳ ಕ್ರಿಮಿಜನ್ಮವನ್ನು ವಿಧಿಸುವ ಶಾಪಾಶಯವು ಮತ್ತೆ ಮತ್ತೆ ಬರುತ್ತದೆ. ದಾನಕ್ಕಿಂತ ದಾನದ ಪಾಲನೆಯೇ ಮೇಲೆಂಬ ಮಾತೂ ಅದರ ಜೊತೆಗೇ ಬರುವುದುಂಟು. ಅಲ್ಲಿ ಭಯವೆಲ್ಲ ಹೊರಗಿನಿಂದ ಬಂದು ಕಸಿದುಕೊಳ್ಳುವವನನ್ನು ಕುರಿತದ್ದು. ದತ್ತಿ ಪಡೆದವನಿಗೆ ದತ್ತಿಯಿಂದಲೇ ಒದಗಬಹುದಾದ ಕೇಡನ್ನು ಆ ಶ್ಲೋಕಗಳು ಯೋಚಿಸುವುದಿಲ್ಲ. ದಾಂತೆಯ ಶಾಪ ಬೀಳುವುದು ಕಸಿದವನ ಮೇಲಲ್ಲ, ಪಡೆದವನ ಮೇಲೆ. ಆದರೂ ಕೊಟ್ಟವನನ್ನು ಅವನು ದೂಷಿಸುವುದಿಲ್ಲ. ಸ್ವರ್ಗಕಾಂಡದ ಇಪ್ಪತ್ತನೆಯ ಸರ್ಗದಲ್ಲಿ ಕಾನ್ಸ್ಟಂಟೈನನು ನ್ಯಾಯವಂತ ಅರಸರ ನಡುವೆ ಬೆಳಗುತ್ತಿದ್ದಾನೆ. ಸದುದ್ದೇಶದಿಂದ ಮಾಡಿದ ದಾನವು ಲೋಕವನ್ನೇ ಕೆಡಿಸಿದರೂ ಆ ಕೇಡು ತನಗೆ ಅಂಟಲಿಲ್ಲವೆಂಬುದು ಈಗ ಅವನಿಗೆ ತಿಳಿದಿದೆ. ದಾನಿಯ ಪುಣ್ಯವು ದಾನಿಗೆ ಉಳಿಯಿತು. ದಾನದ ಭಾರವು ಪಡೆದವನ ಪರಂಪರೆಯ ಮೇಲೆ ಬಿದ್ದಿತು. ಧರ್ಮಸಂಸ್ಥೆಯ ಆಸ್ತಿಯನ್ನು ಕುರಿತು ಇದಕ್ಕಿಂತ ನ್ಯಾಯವಾದ ವಿಂಗಡಣೆಯನ್ನು ಮಾಡಿದ ಕವಿಗಳು ವಿರಳ.

೪

ದಾಂತೆ ಪೀಠವನ್ನೂ ಪೀಠಸ್ಥನನ್ನೂ ಬೇರ್ಪಡಿಸಿದರೆ, ಚಾಸರನು ಅದಕ್ಕಿಂತ ಹೆಚ್ಚು ಅಪಾಯಕರವಾದ ಬೇರ್ಪಡಿಕೆಯನ್ನು ಮಾಡುತ್ತಾನೆ: ಮಾತು ಬೇರೆ, ಮಾತನಾಡಿದವನು ಬೇರೆ. ೧೪೦೦ರಲ್ಲಿ ಅವನು ತೀರಿಕೊಂಡಾಗ ಅಪೂರ್ಣವಾಗಿಯೇ ಉಳಿದ 'ಕ್ಯಾಂಟರ್ಬರಿ ಕಥೆಗಳು' ಎಂಬ ಕಾವ್ಯದ ಯಾತ್ರಿಕರಲ್ಲಿ ಪಾರ್ಡನರ್ ಒಬ್ಬನು. ಆಸ್ಪತ್ರೆ, ಮಠ ಮೊದಲಾದ ಸಂಸ್ಥೆಗಳಿಗೆ ಕಾಣಿಕೆ ಕೊಟ್ಟವರಿಗೆ, ಪಾಪಕ್ಕಾಗಿ ಇಹಪರಗಳಲ್ಲಿ ಅನುಭವಿಸಬೇಕಾದ ಶಿಕ್ಷೆಯಲ್ಲಿ ವಿನಾಯಿತಿಯನ್ನು ಸಾರುವ ಪತ್ರಗಳನ್ನು ಹೊತ್ತು, ಊರೂರು ತಿರುಗಿ ಹಣವೆತ್ತುವುದು ಈ ವೃತ್ತಿಯವರ ಕೆಲಸ. ಶಾಸ್ತ್ರದ ಪ್ರಕಾರ ಅವರು ಪಾಪವನ್ನು ಕ್ಷಮಿಸುವವರಲ್ಲ. ಆದರೆ ಹಳ್ಳಿಯ ಜನಕ್ಕೆ ಆ ಸೂಕ್ಷ್ಮ ತಿಳಿಯದು, ತಿಳಿಸುವುದರಿಂದ ಲಾಭವೂ ಇಲ್ಲ. ಚಾಸರನ ಪಾರ್ಡನರ್ ಲಂಡನ್ನಿನ ರೌನ್ಸಿವಲ್ ಆಸ್ಪತ್ರೆಗೆ ಸೇರಿದವನು. ಅವನ ಚೀಲದಲ್ಲಿ ರೋಮಿನಿಂದ ಬಂದ ಕ್ಷಮಾಪತ್ರಗಳ ಜೊತೆಗೆ, ಮೇರಿಮಾತೆಯ ಮುಸುಕೆಂದು ಅವನು ಹೇಳುವ ದಿಂಬಿನ ಚೀಲವೊಂದು, ಸಂತರ ಅಸ್ಥಿಗಳೆಂದು ತೋರಿಸಲು ಗಾಜಿನ ಪಾತ್ರೆಯಲ್ಲಿಟ್ಟ ಹಂದಿಯ ಎಲುಬುಗಳು ಇವೆ. ಈ ವ್ಯಾಪಾರದಿಂದ ವರ್ಷಕ್ಕೆ ನೂರು ಮಾರ್ಕುಗಳು ಬರುತ್ತವೆಂದು ಅವನೇ ಲೆಕ್ಕ ಒಪ್ಪಿಸುತ್ತಾನೆ. ಅಂದಿನ ಲೆಕ್ಕದಲ್ಲಿ ಅದು ಅರವತ್ತಾರು ಪೌಂಡಿಗೂ ಮಿಕ್ಕ ಹಣ. ಹಳ್ಳಿಯ ಅತ್ಯಂತ ಬಡ ವಿಧವೆಯಿಂದಲೂ, ಅವಳ ಮಕ್ಕಳು ಹಸಿದು ಸತ್ತರೂ ಸರಿಯೆ, ತಾನು ವಸೂಲು ಮಾಡದೆ ಬಿಡುವವನಲ್ಲವೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಿಲ್ಲ.

ಅವನ ಪ್ರವಚನಕ್ಕೆ ಎಲ್ಲೆಲ್ಲಿಯೂ ವಿಷಯ ಒಂದೇ: ಲೋಭವೇ ಕೇಡುಗಳೆಲ್ಲದರ ಬೇರೆಂಬ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಉಪದೇಶ. ಜನರ ಮನಸ್ಸಿನಿಂದ ಲೋಭವು ಕಳಚಿದಷ್ಟೂ ಅವರ ಹಣವು ಅವನ ಕೈಗೆ ಸುಲಭವಾಗಿ ಬೀಳುತ್ತದೆ. ಅವನು ಧರ್ಮೋಪದೇಶವನ್ನು ತಿರುಚಿಲ್ಲ. ಯಥಾವತ್ತಾಗಿಯೇ ಹೇಳುತ್ತಾನೆ, ಚೆನ್ನಾಗಿ ಹೇಳುತ್ತಾನೆ. ಅದೇ ಅವನ ಬಂಡವಾಳ.

ಅವನು ಹೇಳುವ ಕಥೆ ಪ್ರಸಿದ್ಧವಾದುದು. ಮಹಾಮಾರಿಯ ಕಾಲದಲ್ಲಿ ಮೂವರು ಪುಂಡರು ಮೃತ್ಯುವನ್ನೇ ಕೊಂದುಬಿಡುವೆವೆಂದು ಹೊರಡುತ್ತಾರೆ. ದಾರಿಯಲ್ಲಿ ಸಿಕ್ಕಿದ ಮುದುಕನೊಬ್ಬನು ಮೃತ್ಯುವು ಆ ಓಕ್ ಮರದ ಕೆಳಗಿದೆ ಎನ್ನುತ್ತಾನೆ. ಅಲ್ಲಿ ಸಿಗುವುದು ಚಿನ್ನದ ನಾಣ್ಯಗಳ ರಾಶಿ. ಊಟ ತರಲು ಹೋದ ಕಿರಿಯನು ಮದ್ಯಕ್ಕೆ ವಿಷ ಬೆರೆಸುತ್ತಾನೆ. ಕಾದಿದ್ದ ಇಬ್ಬರು ಅವನನ್ನು ಇರಿದು ಕೊಂದು, ಆ ಮದ್ಯವನ್ನು ಕುಡಿದು ತಾವೂ ಸಾಯುತ್ತಾರೆ. ಮುದುಕನಾದರೋ ಸಾವು ಬಾರದೆ ಅಲೆಯುತ್ತಿರುವವನು; ತನ್ನ ಪೆಟ್ಟಿಗೆಯನ್ನು ಕೊಟ್ಟು ಹೆಣಕ್ಕೆ ಹೊದಿಸುವ ಒರಟು ಬಟ್ಟೆಯೊಂದನ್ನು ಪಡೆಯಲು ಅವನು ಸಿದ್ಧ. ಚಿನ್ನಕ್ಕಾಗಿ ಪ್ರಾಣ ಕೊಟ್ಟವರ ಪಕ್ಕದಲ್ಲಿ, ಸಾವಿಗಾಗಿ ಸರ್ವಸ್ವವನ್ನೂ ಕೊಡಬಯಸುವವನು ನಿಂತಿದ್ದಾನೆ.

ಈ ಕಥೆಯ ಅತಿ ಪ್ರಾಚೀನ ರೂಪಗಳಲ್ಲೊಂದು ಭಾರತದ ಪಾಲಿ ಭಾಷೆಯ ವೇದಬ್ಭ ಜಾತಕ. ಜಾತಕ ಸಂಗ್ರಹದಲ್ಲಿ ಅದು ನಲವತ್ತೆಂಟನೆಯದು. ಪರ್ಶಿಯನ್, ಅರಬ್ಬೀ ಭಾಷೆಗಳಲ್ಲಿಯೂ ಕಥೆಯ ರೂಪಾಂತರಗಳಿವೆ. ಜಾತಕದಲ್ಲಿ, ನಕ್ಷತ್ರಯೋಗ ಕೂಡಿದಾಗ ರತ್ನದ ಮಳೆಯನ್ನು ಸುರಿಸುವ ಮಂತ್ರವನ್ನು ಬಲ್ಲ ಬ್ರಾಹ್ಮಣ ಗುರುವೊಬ್ಬನು ಕಳ್ಳರ ಸೆರೆಗೆ ಸಿಕ್ಕುತ್ತಾನೆ. ಬಿಡುಗಡೆಯ ಹಣವನ್ನು ತರಲು ಹೊರಟ ಶಿಷ್ಯನು, ಅಂದರೆ ಬೋಧಿಸತ್ವನು, ಮಂತ್ರವನ್ನು ಮಾತ್ರ ಪ್ರಯೋಗಿಸಬೇಡವೆಂದು ಎಚ್ಚರಿಸಿದರೂ ಗುರುವು ತಾಳ್ಮೆಗೆಟ್ಟು ಪ್ರಯೋಗಿಸಿಬಿಡುತ್ತಾನೆ. ಸುರಿದ ಐಶ್ವರ್ಯಕ್ಕಾಗಿ ಮೊದಲು ಗುರುವಿನ, ಆಮೇಲೆ ನೂರಾರು ಕಳ್ಳರ ಕೊಲೆಯಾಗುತ್ತದೆ. ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬನು ವಿಷದ ಅನ್ನದಿಂದಲೂ ಇನ್ನೊಬ್ಬನು ಕತ್ತಿಯಿಂದಲೂ ಸಾಯುತ್ತಾರೆ.

ಎರಡು ಕಥೆಗಳಲ್ಲಿಯೂ ಧರ್ಮಗುರುವಿದ್ದಾನೆ. ಜಾತಕದಲ್ಲಿ ತಪ್ಪಿದ ಗುರುವು ಕಥೆಯ ಒಳಗಿದ್ದಾನೆ. ಕಥೆಯನ್ನು ಹೇಳುವವನು ಭಗವಾನ್ ಬುದ್ಧ. ಆದಕಾರಣ ಕೇಳುವವನ ಮನಸ್ಸಿನಲ್ಲಿ ದ್ವಂದ್ವವಿಲ್ಲ. ಚಾಸರನು ತಪ್ಪಿದ ಗುರುವನ್ನು ಕಥೆಯ ಒಳಗಿನಿಂದ ಹೊರಕ್ಕೆ ತಂದು, ಹೇಳುವವನ ಪೀಠದಲ್ಲಿ ಕೂರಿಸಿಬಿಟ್ಟಿದ್ದಾನೆ. ವಕ್ತೃವಿನ ವೈಶಿಷ್ಟ್ಯದಿಂದ ಅದೇ ವಾಕ್ಯಕ್ಕೆ ಬೇರೆ ಅರ್ಥ ಸ್ಫುರಿಸುವುದೆಂದು ಮಮ್ಮಟನೇ ಮೊದಲಾದ ಆಲಂಕಾರಿಕರು ಹೇಳಿರುವುದಕ್ಕೆ ಇದಕ್ಕಿಂತ ವಿಸ್ತಾರವಾದ ಉದಾಹರಣೆ ದೊರೆಯುವುದು ಕಷ್ಟ. ಕಥೆಯ ವಾಚ್ಯಾರ್ಥ ಲೋಭದ ಖಂಡನೆ; ಆ ಬಾಯಿಂದ ಬಂದಾಗ ವ್ಯಂಗ್ಯವಾಗುವುದು, ಖಂಡನೆಯೂ ಲೋಭದ ಒಂದು ಉಪಕರಣವಾಗಬಲ್ಲದೆಂಬ ಭಯಂಕರವಾದ ತಿಳಿವು.

ಕಥೆ ಮುಗಿದ ಮೇಲೆ ಪಾರ್ಡನರ್ ಕ್ಷಣಕಾಲ ದನಿಯನ್ನು ಬದಲಿಸಿ, ಕ್ರಿಸ್ತನ ಕ್ಷಮೆಯೇ ಎಲ್ಲಕ್ಕಿಂತ ಉತ್ತಮವಾದುದು, ಇದರಲ್ಲಿ ತಾನು ಮೋಸಮಾಡುವುದಿಲ್ಲವೆನ್ನುತ್ತಾನೆ. ಮರುಕ್ಷಣವೇ, ತನ್ನ ಗುಟ್ಟನ್ನೆಲ್ಲ ಆಗಲೇ ಕೇಳಿದ್ದ ಯಾತ್ರಿಕರಿಗೇ ತನ್ನ ಎಲುಬುಗಳನ್ನು ಮಾರಲು ಹೊರಡುತ್ತಾನೆ. ಛತ್ರದ ಯಜಮಾನನು ಸಿಟ್ಟಿಗೆದ್ದು ಅಶ್ಲೀಲವಾಗಿ ಬೈಯುತ್ತಾನೆ; ವೀರಯೋಧನು ನಡುವೆ ಬಂದು ಇಬ್ಬರನ್ನೂ ರಾಜಿಮಾಡಿಸುತ್ತಾನೆ. ಆ ಕ್ಷಣದ ದನಿಬದಲಾವಣೆಯಲ್ಲಿ ಕಿಟ್ರೆಜ್ ೧೮೯೩ರಲ್ಲಿ ನಿಜವಾದ ಅಂತರಂಗದ ವೇದನೆಯನ್ನು ಕಂಡನು. ಅದೂ ವ್ಯಾಪಾರದ ಇನ್ನೊಂದು ತಂತ್ರವೆಂದು ಕೆಲವರ ಮತ. ಈ ವಿವಾದವು ಬಗೆಹರಿಯಬೇಕಾದ ಅವಶ್ಯಕತೆಯೇ ಇಲ್ಲವೆಂದು ತೋರುತ್ತದೆ. ಅವನ ಮನಸ್ಸು ಯಾವುದೇ ಆಗಿರಲಿ, ಮಾತು ಸತ್ಯವಾದುದು. ಅಗಸ್ಟೀನನ ಕಾಲುವೆಯಲ್ಲಿ ನೀರು ಹರಿದಿದೆ. ಆದರೆ ಆ ನೀರನ್ನು ಕುಡಿಯುವವರಾರು? ಕೇಳಿದವರಲ್ಲಿ ಹುಟ್ಟಿದುದು ಪಶ್ಚಾತ್ತಾಪವಲ್ಲ, ಸಿಟ್ಟು ಮತ್ತು ನಗೆ. ಲೋಭಿಯಾದ ಬೋಧಕನು ಸತ್ಯವನ್ನು ಸುಳ್ಳು ಮಾಡಲಾರ, ಕೇಳಲಾಗದಂತೆ ಮಾಡಬಲ್ಲ. ಶಾಸ್ತ್ರಜ್ಞರು ಕಾಣದ ಈ ಹಾನಿಯನ್ನು ಚಾಸರನು ಕಂಡನು.

ಇದೇ ಕಾವ್ಯದಲ್ಲಿ ಬರುವ ಬಡ ಗ್ರಾಮಪಾದ್ರಿಯು ಪಾರ್ಡನರನಿಗೆ ಪ್ರತಿಯಾಗಿ ನಿಂತಿದ್ದಾನೆ. ತನ್ನ ಊರಿನ ಕೆಲಸವನ್ನು ಬಾಡಿಗೆಯವನಿಗೆ ಒಪ್ಪಿಸಿ ಲಂಡನ್ನಿನಲ್ಲಿ ಲಾಭದ ಹುದ್ದೆಯನ್ನು ಹುಡುಕಿಕೊಂಡು ಹೋಗದವನು ಅವನು. ಮೊದಲು ಆಚರಿಸಿ ಆಮೇಲೆ ಬೋಧಿಸುವವನು. ಪಾಪಕ್ಕೆ ಸಿಲುಕಿದ ಧರ್ಮಾಧಿಕಾರಿಗೆ ಅಧಿಕಾರವೂ ಆಸ್ತಿಯೂ ಸಲ್ಲುವುದೇ ಎಂದು ಅದೇ ಇಂಗ್ಲೆಂಡಿನಲ್ಲಿ ಪ್ರಶ್ನಿಸಿದ ವಿಕ್ಲಿಫನು ೧೩೮೪ರಲ್ಲಿ ತೀರಿಕೊಂಡಿದ್ದನು; ೧೪೧೫ರಲ್ಲಿ ಕಾನ್ಸ್ಟನ್ಸ್ ಸಭೆಯು ಅವನನ್ನು ಪಾಷಂಡಿಯೆಂದು ಸಾರಿತು. ಚಾಸರನು ಆ ವಾದಕ್ಕೆ ಇಳಿಯಲಿಲ್ಲ. ಇಬ್ಬರನ್ನೂ ಒಂದೇ ದಾರಿಯಲ್ಲಿ ನಡೆಸಿ ನಿರ್ಣಯವನ್ನು ಓದುಗನಿಗೆ ಬಿಟ್ಟನು.

೫

ದಾಂತೆಯ ಪೋಪನೂ ಚಾಸರನ ಪಾರ್ಡನರನೂ ಕೆಟ್ಟವರು. ವ್ಯಕ್ತಿ ಕೆಟ್ಟವನಲ್ಲದಿದ್ದರೆ? ಟ್ರೊಲೋಪನ 'ದಿ ವಾರ್ಡನ್' ಎಂಬ ಪುಟ್ಟ ಕಾದಂಬರಿ ಈ ಪ್ರಶ್ನೆಯನ್ನೆತ್ತುತ್ತದೆ. ೧೮೫೫ರಲ್ಲಿ ಅದು ಪ್ರಕಟವಾದಾಗ ಲೇಖಕನು ಅಂಚೆ ಇಲಾಖೆಯ ನೌಕರ. ವಿಂಚೆಸ್ಟರಿನ ಸಂತ ಕ್ರಾಸ್ ಧರ್ಮಶಾಲೆಯ ವರಮಾನವನ್ನು ಕುರಿತು ಅಂದು ದೊಡ್ಡ ವಿವಾದವೆದ್ದಿದ್ದಿತು. ಕಾದಂಬರಿಯಲ್ಲಿಯೂ ಅದರ ಹೆಸರು ಬರುತ್ತದೆ.

ಕಲ್ಪಿತ ನಗರವಾದ ಬಾರ್ಚೆಸ್ಟರಿನಲ್ಲಿ ಜಾನ್ ಹೈರಮ್ ಎಂಬ ಉಣ್ಣೆಯ ವರ್ತಕನು ೧೪೩೪ರಲ್ಲಿ ತೀರಿಕೊಳ್ಳುವಾಗ ಹನ್ನೆರಡು ಮಂದಿ ಮುದುಕ ಕೂಲಿಕಾರರ ಪೋಷಣೆಗಾಗಿ ಆಶ್ರಯಗೃಹವೊಂದಕ್ಕೆ ಹುಲ್ಲುಗಾವಲನ್ನು ದತ್ತಿಯಾಗಿ ಬಿಟ್ಟಿದ್ದಾನೆ. ನಾಲ್ಕು ಶತಮಾನಗಳಲ್ಲಿ ಊರು ಬೆಳೆದು ಆ ಹುಲ್ಲುಗಾವಲಿನ ಮೇಲೆ ಮನೆಗಳೆದ್ದಿವೆ, ಬಾಡಿಗೆ ಏರಿದೆ. ಮುದುಕರಿಗೆ ದಿನಕ್ಕೆ ಒಂದು ಶಿಲ್ಲಿಂಗ್ ನಾಲ್ಕು ಪೆನ್ಸ್ ಎಂದು ಪದ್ಧತಿ ನಿಂತುಹೋಗಿರುವುದರಿಂದ, ಏರಿದ ಹಣವೆಲ್ಲ ಮೇಲ್ವಿಚಾರಕನಾದ ಪಾದ್ರಿಯ ಪಾಲಿಗೆ ಬರುತ್ತದೆ: ವರ್ಷಕ್ಕೆ ಎಂಟುನೂರು ಪೌಂಡು, ವಾಸಕ್ಕೆ ಸುಂದರವಾದ ಮನೆ. ಯಾರೂ ಕದ್ದಿಲ್ಲ, ಯಾರೂ ಪತ್ರವನ್ನು ತಿದ್ದಿಲ್ಲ. ಬಡವನ ಪಾಲು ನಿಶ್ಚಿತವಾಗಿ, ಮಿಕ್ಕದ್ದು ಅಧಿಕಾರಿಗೆಂದು ಗೊತ್ತಾಗಿರುವ ಕಡೆ ಕಾಲವೇ ಕಳ್ಳತನವನ್ನು ಮಾಡಿಕೊಡುತ್ತದೆ.

ಮೇಲ್ವಿಚಾರಕನಾದ ಸೆಪ್ಟಿಮಸ್ ಹಾರ್ಡಿಂಗ್ ಸಾಧು. ತನ್ನ ಕೈಯಿಂದಲೇ ದಿನಕ್ಕೆ ಎರಡೆರಡು ಪೆನ್ಸನ್ನು ಮುದುಕರಿಗೆ ಹೆಚ್ಚಾಗಿ ಕೊಡುತ್ತಿರುವವನು, ಸಂಗೀತಪ್ರಿಯ. ಮನಸ್ಸು ಕಳವಳಗೊಂಡಾಗಲೆಲ್ಲ ಎದುರಿಗೆ ಇಲ್ಲದ ಚೆಲ್ಲೋ ವಾದ್ಯವನ್ನು ಗಾಳಿಯಲ್ಲಿ ನುಡಿಸುವಂತೆ ಅವನ ಕೈಗಳು ಆಡುತ್ತವೆ. ಅವನ ಅಳಿಯನಾದ ಆರ್ಚ್‌ಡೀಕನ್ ಗ್ರಾಂಟ್ಲಿಯಾದರೋ ಚರ್ಚಿನ ಆಸ್ತಿಯನ್ನು ಕೋಟೆಯಂತೆ ಕಾಯುವವನು. ಸುಧಾರಕನಾದ ಜಾನ್ ಬೋಲ್ಡ್ ದತ್ತಿಯ ಲೆಕ್ಕವನ್ನು ಕೇಳುತ್ತಾನೆ; ಪತ್ರಿಕೆಯೊಂದು ಹಾರ್ಡಿಂಗನನ್ನು ದುರಾಶೆಯ ಪಾದ್ರಿಯೆಂದು ಚಿತ್ರಿಸಿ ಊರಿಗೆಲ್ಲ ಹಾಸ್ಯಾಸ್ಪದನನ್ನಾಗಿ ಮಾಡುತ್ತದೆ. ಆರ್ಚ್‌ಡೀಕನನು ಕಾನೂ­ನಿನ ಲೋಪವೊಂದನ್ನು ಹಿಡಿದು ಮೊಕದ್ದಮೆಯನ್ನು ಗೆಲ್ಲುವ ಸಿದ್ಧತೆಯಲ್ಲಿದ್ದಾನೆ. ಹಾರ್ಡಿಂಗನಿಗೆ ಮಾತ್ರ ಬೇರೆಯೇ ಒಂದು ಪ್ರಶ್ನೆ: ತಾನು ಗೆಲ್ಲುವೆನೇ ಎಂಬುದಲ್ಲ, ಈ ಹಣ ತನಗೆ ನ್ಯಾಯವಾಗಿ ಸಲ್ಲುವುದೇ ಎಂಬುದು. ಅವನು ಲಂಡನ್ನಿಗೆ ಹೋಗಿ, ದೇಶದ ದೊಡ್ಡ ನ್ಯಾಯವಾದಿಯನ್ನು ರಾತ್ರಿಯಲ್ಲಿ ಕಂಡು ಇದನ್ನು ಕೇಳುತ್ತಾನೆ. ಮೊಕದ್ದಮೆಯೇ ಬಿದ್ದುಹೋಗಿದೆ, ಇನ್ನು ಈ ಪ್ರಶ್ನೆಯೇಕೆ ಎಂದು ನ್ಯಾಯವಾದಿಗೆ ಆಶ್ಚರ್ಯ. ಹಾರ್ಡಿಂಗನು ಅಲ್ಲಿಯೇ ತನ್ನ ರಾಜೀನಾಮೆಯ ನಿರ್ಧಾರವನ್ನು ತಿಳಿಸುತ್ತಾನೆ.

ಕಾದಂಬರಿ ಇಲ್ಲಿಗೆ ಮುಗಿದಿದ್ದರೆ ನೀತಿಕಥೆಯಾಗುತ್ತಿತ್ತು. ರಾಜೀನಾಮೆಯಿಂದ ಮುದುಕರಿಗೆ ಏನೂ ದೊರೆಯುವುದಿಲ್ಲ. ಎರಡು ಪೆನ್ಸು ನಿಂತುಹೋಗುತ್ತದೆ, ಒಬ್ಬೊಬ್ಬರಾಗಿ ಸಾಯುತ್ತಾರೆ, ಸತ್ತವರ ಸ್ಥಾನಕ್ಕೆ ಬೇರೆಯವರನ್ನು ನೇಮಿಸುವುದಿಲ್ಲ, ತೋಟ ಹಾಳುಬೀಳುತ್ತದೆ. ಒಬ್ಬನ ಅಂತಃಸಾಕ್ಷಿಯಿಂದ ಅವನೊಬ್ಬನು ಶುದ್ಧನಾಗಬಹುದಲ್ಲದೆ, ಕೆಟ್ಟ ವ್ಯವಸ್ಥೆಯು ಶುದ್ಧವಾಗದು. ಚರ್ಚಿನ ಕೈಸೇರಿದ ದತ್ತಿಹಣದ ದುರುಪಯೋಗ, ಅದನ್ನು ಉಣ್ಣುತ್ತಿರುವ ಸಜ್ಜನರ ಮೇಲೆ ಪತ್ರಿಕೆಗಳು ನಡೆಸುವ ಕ್ರೌರ್ಯ ಎಂಬ ಎರಡು ವಿರುದ್ಧ ಕೇಡುಗಳನ್ನೂ ಒಟ್ಟಿಗೆ ತೋರಿಸಹೊರಟದ್ದು ತನ್ನ ತಪ್ಪೆಂದು ೧೮೮೩ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಟ್ರೊಲೋಪನೇ ಹೇಳಿದ್ದಾನೆ. ಈ ಸ್ವವಿಮರ್ಶೆಯನ್ನು ಒಪ್ಪಬೇಕಾಗಿಲ್ಲ. ಕೃತಿಯ ಶಕ್ತಿಯಿರುವುದೇ ಆ ಇಬ್ಬಂದಿಯಲ್ಲಿ. ಡಿಕನ್ಸನನ್ನು 'ಜನಪ್ರಿಯ ಭಾವುಕತೆ'ಯೆಂಬ ಹೆಸರಿನಿಂದ ಇದೇ ಕಾದಂಬರಿಯಲ್ಲಿ ಟ್ರೊಲೋಪ್ ಗೇಲಿಮಾಡಿರುವುದಕ್ಕೂ ಕಾರಣ ಇದೇ: ಲೋಭಿ ಪಾದ್ರಿಯನ್ನು ರಾಕ್ಷಸನಂತೆ ಚಿತ್ರಿಸಿದರೆ, ರಾಕ್ಷಸನಲ್ಲದ ಪಾದ್ರಿಯು ಲೆಕ್ಕ ಕೊಡಬೇಕಾದ ಪ್ರಮೇಯವೇ ತಪ್ಪಿಹೋಗುತ್ತದೆ.

೬

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಸಿಂಕ್ಲೇರ್ ಲೂಯಿಸ್ ಬರೆದ 'ಎಲ್ಮರ್ ಗ್ಯಾಂಟ್ರಿ' (೧೯೨೭) ಈ ಮಾತಿಗೆ ವಿಲೋಮ ನಿದರ್ಶನ. ಬಾಸ್ಟನ್ನಿನಲ್ಲಿ ನಿಷೇಧಕ್ಕೊಳಗಾದ ಈ ಕಾದಂಬರಿಯ ನಾಯಕನು ಧರ್ಮಪ್ರಚಾರವನ್ನು ಆದ್ಯಂತವಾಗಿ ವ್ಯಾಪಾರದಂತೆ ನಡೆಸುವವನು. ಜಾಹೀರಾತು, ಜನಸಂದಣಿ, ಕಾಣಿಕೆಯ ಲೆಕ್ಕ ಇವುಗಳ ವಿವರಗಳಲ್ಲಿ ಲೂಯಿಸನು ಭವಿಷ್ಯವನ್ನೇ ಕಂಡಿದ್ದನೆನ್ನಬೇಕು. ಅದೇ ದೇಶದ ದೂರದರ್ಶನ ಧರ್ಮಪ್ರಚಾರಕ ಜಿಮ್ ಬೇಕರ್ ತನ್ನ ಅನುಯಾಯಿಗಳನ್ನು ವಂಚಿಸಿದ ಅಪರಾಧಕ್ಕಾಗಿ ೧೯೮೯ರಲ್ಲಿ ಶಿಕ್ಷೆಗೊಳಗಾದನು. ಆದರೂ ಕಲಾಕೃತಿಯಾಗಿ ಅದು ಹಿಂದಿನ ಮೂರರ ಎತ್ತರಕ್ಕೆ ಏರುವುದಿಲ್ಲ. ಗ್ಯಾಂಟ್ರಿ ಕೆಡಿಸುವ ವಸ್ತುವಿಗೆ ಲೇಖಕನ ದೃಷ್ಟಿಯಲ್ಲಿಯೇ ಬೆಲೆಯಿಲ್ಲ. ಬೆಲೆಯಿಲ್ಲದುದನ್ನು ಮಾರಿದವನು ಮೋಸಗಾರನಾದಾನು, ದ್ರೋಹಿಯಾಗಲಾರ. ದಾಂತೆಗೆ ಬೀಗದ ಕೈಗಳ ಮೇಲೆ, ಚಾಸರನಿಗೆ ಉಪದೇಶದ ಮಾತಿನ ಮೇಲೆ, ಟ್ರೊಲೋಪನಿಗೆ ಹೈರಮನ ಇಚ್ಛೆಯ ಮೇಲೆ ಗೌರವವಿದ್ದುದರಿಂದಲೇ ಅವುಗಳ ಕ್ರಯವಿಕ್ರಯವು ಅವರ ಕೃತಿಗಳಲ್ಲಿ ಹಾಸ್ಯವನ್ನು ದಾಟಿ ವ್ಯಥೆಯಾಯಿತು.

ಈ ಸಾಹಿತ್ಯವನ್ನು ಆ ಮತದ ಹೊರಗೆ ನಿಂತು ಓದುವವರ ಮುಂದೆ ಒಂದು ಸುಲಭವಾದ ಪ್ರಲೋಭನೆಯಿದೆ: ಪರಧರ್ಮದ ಹುಳುಕಿಗೆ ಆ ಧರ್ಮದವರದೇ ಸಾಕ್ಷಿ ದೊರೆಯಿತೆಂದು ತೃಪ್ತಿಪಡುವುದು. ಹಾಗೆ ಓದುವುದು ಪಾರ್ಡನರನ ಪ್ರವಚನವನ್ನು ಕೇಳಿ ಪಕ್ಕದವನ ಲೋಭವನ್ನು ನೆನೆದಂತಾಗುತ್ತದೆ. ಈ ಲೇಖಕರು ತಮ್ಮ ಮನೆಯ ದೀಪದಿಂದ ತಮ್ಮ ಮನೆಯ ಮೂಲೆಯನ್ನು ತೋರಿಸಿದರು. ಅವರಿಂದ ಕಲಿಯಬೇಕಾದುದು ಆ ದೀಪವನ್ನು ಹಿಡಿಯುವ ರೀತಿಯನ್ನು. ಮಠವಾಗಲಿ, ದೇವಾಲಯವಾಗಲಿ, ಧರ್ಮಛತ್ರವಾಗಲಿ, ಪರಸ್ಥಳದಲ್ಲಿ ಹತ್ತಾರು ಜನ ಕೂಡಿ ಕಟ್ಟಿದ ಸಂಘದ ದತ್ತಿನಿಧಿಯಾಗಲಿ, ಸತ್ತವನ ಇಚ್ಛೆಯನ್ನು ಬದುಕಿರುವವರು ಕೈಯಲ್ಲಿ ಹಿಡಿದಿರುವ ಕಡೆಯಲ್ಲೆಲ್ಲ ಹಾರ್ಡಿಂಗನ ಪ್ರಶ್ನೆಗೆ ಸ್ಥಳವಿದೆ. ಮೊಕದ್ದಮೆ ಬಿದ್ದುಹೋದ ಮೇಲೆಯೂ ಆ ಪ್ರಶ್ನೆಯನ್ನು ಕೇಳುವವನು ಒಬ್ಬನಾದರೂ ಇದ್ದರೆ ಆ ಸಂಸ್ಥೆಯಲ್ಲಿ ಧರ್ಮವು ಇನ್ನೂ ಉಳಿದಿದೆಯೆಂದು ಹೇಳಬಹುದು.